ಹಾಲು ಎನ್ನುವಾಗ ತುಟಿ ಕೂಡುವುದಿಲ್ಲ

ಅಂಚೆಟ್ಟಿ ಬಸ್ ಸ್ಟಾಂಡಿನ ಟೀ ಅಂಗಡಿಯಲ್ಲಿ ಹಾಲಿಗೆ ನಾಲ್ಕು ಹೆಸರು. ತಮಿಳಿನವರು ‘ಪಾಲ್’ ಅನ್ನುತ್ತಾರೆ, ತೆಲುಗಿನವರು ‘ಪಾಲು’. ನಾನು ಪುಸ್ತಕದಲ್ಲಿ ಕಂಡದ್ದು ‘ಹಾಲು’. ಮನೆಗೆ ಬಂದರೆ ನಮ್ಮಜ್ಜಿ ‘ಆಲು’ ಕಾಯಿಸುತ್ತಿರುತ್ತಾಳೆ. ಅಂಗಡಿಯವರಿಗೆ ನಾಲ್ಕೂ ತಿಳಿಯುತ್ತದೆ, ಯಾರೂ ಯಾರನ್ನೂ ತಿದ್ದುವುದಿಲ್ಲ. ಹುಟ್ಟಿದಾಗಿನಿಂದ ಕೇಳುತ್ತ ಬಂದದ್ದರಿಂದ ಇದರಲ್ಲಿ ನನಗೆ ಯಾವ ವಿಶೇಷವೂ ಕಂಡಿರಲಿಲ್ಲ. ಇದಕ್ಕೂ ಒಂದು ಬೆಲೆಯಿದೆ ಎಂದು ಗೊತ್ತಾದದ್ದು ಬೆಂಗಳೂರಿನ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ, ಗಾಜಿನ ಈಚೆ, ಕುರ್ಚಿಯ ತುದಿಯಲ್ಲಿ ಕೂತಿದ್ದಾಗ.

ನಮ್ಮ ಊರು ಗೊತ್ತಿಲ್ಲದವರಿಗೆ ಎರಡು ಮಾತು. ಅಂಚೆಟ್ಟಿ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಹೊಸೂರಿನಿಂದ ದೆಂಕಣಿಕೋಟೆ ದಾಟಿ ಕಾಡಿನ ಹಾದಿ ಹಿಡಿದರೆ ಸುಮಾರು 50 ಕಿ.ಮೀ. ಮುಂದೆ ಹೋದರೆ ಹೊಗೇನಕಲ್ಲು. ಪಕ್ಕದಲ್ಲಿ ಹರಿಯುವ ಹೊಳೆಗೆ ತಮಿಳಿನಲ್ಲೂ ದೊಡ್ಡಹಳ್ಳ ಎಂದೇ ಹೆಸರು. ಕಾವೇರಿಯ ಆಚೆ ಮಾದಪ್ಪನ ಬೆಟ್ಟ. ಈಚೆ ದಡದಲ್ಲೂ ಮಾದಪ್ಪನಿಗೆ ಹರಕೆ ಹೊರುವ ಮನೆಗಳಿವೆ. ನಮ್ಮ ಜಿಲ್ಲೆ ಮೊದಲು ಸೇಲಂ ಆಗಿತ್ತು, 1965ರಲ್ಲಿ ಧರ್ಮಪುರಿಯಾಯಿತು, 2004ರಲ್ಲಿ ಕೃಷ್ಣಗಿರಿಯಾಯಿತು. ಕಾಗದದ ಮೇಲಿನ ಹೆಸರು ಎರಡು ಸಲ ಬದಲಾದರೂ ಅಜ್ಜಿಯ ಮಾತು ಕನ್ನಡವಾಗಿಯೇ ಉಳಿಯಿತು. ನನ್ನ ಮಾತು ಅಷ್ಟು ಸಲೀಸಾಗಿ ಉಳಿಯಲಿಲ್ಲ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕಾ ಕಾಯ್ದೆ ಬಂದ ಮೇಲೆ ಶಾಲೆಗಳಲ್ಲಿ ತಮಿಳು ಕಡ್ಡಾಯವಾಯಿತು. ನನ್ನ ವಾರಿಗೆಯವರು ಮನೆಯಲ್ಲಿ ಕನ್ನಡ, ತರಗತಿಯಲ್ಲಿ ತಮಿಳು, ಸಂತೆಯಲ್ಲಿ ಮೂರೂ ಭಾಷೆ ಎಂದು ಬೆಳೆದೆವು. ಓದುವ ಕನ್ನಡ ಹಿಂದೆ ಬಿತ್ತು, ಕೇಳುವ ಕನ್ನಡ ಮಾತ್ರ ಕಿವಿಯಲ್ಲಿ ಗಟ್ಟಿಯಾಗಿ ಕೂತಿತ್ತು.

ಹೊಸೂರಿನ ಕಾಲೇಜೊಂದರಲ್ಲಿ ವಿಷುವಲ್ ಕಮ್ಯುನಿಕೇಷನ್ ಓದುತ್ತಿದ್ದೆ. ಕೊನೆಯ ವರ್ಷ 45 ದಿನದ ಇಂಟರ್ನ್‌ಷಿಪ್ ಮಾಡಲೇಬೇಕು. ಜೊತೆಯವರು ಟಿ.ವಿ. ಚಾನೆಲ್ ಹುಡುಕಿಕೊಂಡು ಚೆನ್ನೈಗೆ ಹೋದರು. ನಾನು ಹೊಸೂರಿನ ಚಿಕ್ಕಮ್ಮನ ಮನೆಯಲ್ಲಿ ಉಳಿದು ದಿನಾ ಬೆಂಗಳೂರಿಗೆ ಹೋಗಿಬರುವುದು ಎಂದಾಯಿತು. ಸಂಬಳವಿಲ್ಲ, ಮಧ್ಯಾಹ್ನದ ಊಟ ಸ್ಟುಡಿಯೋದವರದು. ತಮಿಳುನಾಡಿನ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅತ್ತಿಬೆಲೆ ದಾಟಿದರೆ ಕರ್ನಾಟಕದ ಶಕ್ತಿ ಯೋಜನೆ ಇದೆ, ಆದರೆ ಅದು ಕರ್ನಾಟಕದ ವಿಳಾಸ ಇರುವವರಿಗೆ. ಕನ್ನಡ ಮಾತಾಡಿ, ತಮಿಳುನಾಡಿನ ಆಧಾರ್ ಕಾರ್ಡು ಒಳಗಿಟ್ಟುಕೊಂಡು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳುವುದು ಗಡಿಯವರಿಗೆ ಮಾಮೂಲು.

ಸ್ಟುಡಿಯೋ ಎಂದರೆ ಹಾಡು, ಬಣ್ಣದ ದೀಪ, ಗುಂಡಿಗಳ ಸಾಲು ಎಂದುಕೊಂಡು ಹೋದವಳಿಗೆ ಮೊದಲ ವಾರ ಸಿಕ್ಕಿದ್ದು ಕೇಬಲ್ಲು. ಮೈಕಿನ ಕೇಬಲ್ಲನ್ನು ಮೊಣಕೈಗೆ ಸುತ್ತಿಕೊಂಡೆ, ಮನೆಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಸುತ್ತುವ ಹಾಗೆ. ಅಲ್ಲಿನ ಎಂಜಿನಿಯರ್ ಸರ್ ಬಂದು ಕೈಯಿಂದ ತೆಗೆದುಕೊಂಡರು. ಬೈಯಲಿಲ್ಲ. ‘ನೋಡಮ್ಮ’ ಎಂದು ಒಂದು ಸುತ್ತನ್ನು ಮೇಲಿನಿಂದ ಹಾಕಿದರು, ಮುಂದಿನದನ್ನು ಬೆರಳು ಹೊರಳಿಸಿ ಒಳಮಗ್ಗುಲಿಂದ ಹಾಕಿದರು, ಮತ್ತೆ ಮೇಲಿನಿಂದ, ಮತ್ತೆ ಒಳಗಿನಿಂದ. ಹಾಗೆ ಸುತ್ತಿದ ಕೇಬಲ್ಲಿನ ಒಂದು ತುದಿ ಹಿಡಿದು ಎಸೆದರೆ ಒಂದೂ ಗಂಟು ಬೀಳದೆ ನೆಲದ ಮೇಲೆ ನೆಟ್ಟಗೆ ಬಿಚ್ಚಿಕೊಳ್ಳುತ್ತದೆ. ಮೊಣಕೈಗೆ ಸುತ್ತಿದರೆ ಪ್ರತಿ ಸುತ್ತಿಗೂ ಒಂದು ತಿರುಚು ಸೇರುತ್ತ ಹೋಗಿ ಒಳಗಿನ ಎಳೆ ಸೋಲುತ್ತದೆ. ಒಂದು ದಿನ ಹಾಡಿನ ನಡುವೆ ‘ಕರ್’ ಅನ್ನುತ್ತದೆ, ಯಾವ ಕೇಬಲ್ಲು ಎಂದು ಹುಡುಕುವಷ್ಟರಲ್ಲಿ ಹಾಡುವವರ ಮನಸ್ಸು ಬೇರೆ ಕಡೆ ಹೋಗಿರುತ್ತದೆ. ನಾಲ್ಕು ದಿನ ಬರೀ ಸುತ್ತಿದೆ, ಬಿಚ್ಚಿದೆ, ಸುತ್ತಿದೆ. ಐದನೆಯ ದಿನ ಕೈ ತಾನಾಗಿ ಹೊರಳಿತು. ಈಗ ಮನೆಯ ಹಗ್ಗವನ್ನೂ ಹಾಗೇ ಸುತ್ತುತ್ತೇನೆ.

ಎರಡನೆಯ ಕೆಲಸ ಇನ್ನೂ ವಿಚಿತ್ರವಾಗಿತ್ತು: ಏನೂ ಇಲ್ಲದ್ದನ್ನು ರೆಕಾರ್ಡ್ ಮಾಡುವುದು. ರೆಕಾರ್ಡಿಂಗ್ ಕೋಣೆಗೆ ಒಂದರ ಹಿಂದೆ ಒಂದು ಎರಡು ಬಾಗಿಲು. ಒಳಗೆ ಕಾಣುವುದಕ್ಕೆ ಜೋಡಿ ಗಾಜು, ಅದರಲ್ಲಿ ಒಂದು ಓರೆಯಾಗಿ ನಿಂತಿರುತ್ತದೆ, ಸದ್ದು ಎದುರುಬದುರು ಬಡಿಯದಿರಲಿ ಎಂದು. ಮೊದಲ ಸಲ ಎರಡೂ ಬಾಗಿಲು ಮುಚ್ಚಿಕೊಂಡಾಗ ಕಿವಿಯ ಮೇಲೆ ಯಾರೋ ಅಂಗೈ ಇಟ್ಟ ಹಾಗಾಯಿತು. ‘ಖಾಲಿ ರೂಮಿಗೂ ಒಂದು ಸದ್ದಿರುತ್ತಮ್ಮ. ಒಂದು ನಿಮಿಷ ಅಲ್ಲಾಡದೆ ನಿಂತ್ಕೊ, ಅದನ್ನ ತಗೋತೀನಿ’ ಎಂದರು ಸರ್. ಅದಕ್ಕೆ ರೂಮ್ ಟೋನ್ ಎನ್ನುತ್ತಾರೆ. ಎರಡು ಮಾತುಗಳ ನಡುವೆ ಎಡಿಟ್ ಮಾಡುವಾಗ ಪೂರ್ತಿ ಮೌನ ಇಟ್ಟರೆ ಕೇಳುವವರಿಗೆ ತೂತು ಬಿದ್ದಂತೆ ತಿಳಿಯುತ್ತದೆ. ಆ ಜಾಗಕ್ಕೆ ಅದೇ ಕೋಣೆಯ ಖಾಲಿ ಸದ್ದನ್ನೇ ಹೊಲಿಯಬೇಕು. ಪರದೆಯ ಮೇಲೆ ಗೆರೆ ಚಪ್ಪಟೆಯಾಗಿ ಓಡುತ್ತಿತ್ತು; ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಆ ಗೆರೆಯ ಒಳಗೆ ನನ್ನ ಉಸಿರಿತ್ತು.

ಕೇಳುವುದನ್ನು ನನಗೆ ಮೊದಲು ಕಲಿಸಿದವರು ನಮ್ಮಪ್ಪ. ಅಂಚೆಟ್ಟಿಯ ಸುತ್ತಲಿನ ಕಾಡು 2014ರಿಂದ ಕಾವೇರಿ ಉತ್ತರ ವನ್ಯಜೀವಿ ಧಾಮ, 500 ಚದರ ಕಿ.ಮೀ.ಗೂ ಹೆಚ್ಚು. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆ ಬರುತ್ತದೆ, ಹೊಲದ ಅಟ್ಟಣೆಯ ಮೇಲೆ ರಾತ್ರಿಯೆಲ್ಲ ಕಾವಲು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಅಟ್ಟಣೆ ಹತ್ತಿ ಕೂತಿದ್ದೇನೆ. ‘ಸುಮ್ಕಿರು, ಜೀರುಂಡೆ ನಿಂತೋಯ್ತು’ ಎನ್ನುತ್ತಿದ್ದರು ಅಪ್ಪ. ಸದ್ದು ನಿಂತದ್ದನ್ನು ಕೇಳಿಸಿಕೊಂಡು ಆನೆ ಎಲ್ಲಿದೆ ಎಂದು ಅಂದಾಜು ಮಾಡುವುದು. ಆನೆಗಳು ಮನುಷ್ಯರ ಕಿವಿಗೆ ಎಟುಕದ, 20 ಹರ್ಟ್ಸ್‌ಗಿಂತ ಕೆಳಗಿನ ಸದ್ದಿನಲ್ಲೂ ಮಾತಾಡಿಕೊಳ್ಳುತ್ತವೆ ಎಂದು ಕೇಟಿ ಪೇನ್ ಎಂಬ ಸಂಶೋಧಕಿ 1984ರಲ್ಲಿ ಗುರುತಿಸಿದರು, ಅದೂ ಗಾಳಿಯಲ್ಲಿ ಒಂದು ಕಂಪನ ಮೈಗೆ ತಾಕಿದಂತಾಗಿ. ಸ್ಟುಡಿಯೋದಲ್ಲಿ ಮಾತು ರೆಕಾರ್ಡ್ ಮಾಡುವಾಗ ಸುಮಾರು 80 ಹರ್ಟ್ಸ್ ಕೆಳಗಿನದನ್ನೆಲ್ಲ ಫಿಲ್ಟರ್ ಹಾಕಿ ಕತ್ತರಿಸುತ್ತಾರೆ, ಲಾರಿಯ ಗುಡುಗು, ನೆಲದ ನಡುಕ ಬಾರದಿರಲಿ ಎಂದು. ಆ ಗುಂಡಿ ಒತ್ತುವಾಗೆಲ್ಲ ನನಗೆ ನಮ್ಮ ಹೊಲದ ಆನೆ ನೆನಪಾಗುತ್ತಿತ್ತು.

ಎಂಜಿನಿಯರ್ ಸರ್ ಕ್ಯಾಸೆಟ್ ಕಾಲದಿಂದ ಬಂದವರು. ಅವರ ಮಾತಿನ ನಡುವೆ ಕೇಳಿದ ಹೆಸರುಗಳನ್ನು ಬರೆದುಕೊಂಡು ರಾತ್ರಿ ಹುಡುಕಿ ಓದುತ್ತಿದ್ದೆ. ಧ್ವನಿಮುದ್ರಣದ ಕಥೆ ನಮ್ಮ ನೆಲವನ್ನು ಎಷ್ಟು ಸಲ ಹಾದುಹೋಗಿದೆ ಎಂದು ಆಗ ತಿಳಿಯಿತು. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎದುರು ಹಾಡಿ, ಭಾರತದ ಮೊದಲ ತಟ್ಟೆಗಳಿಗೆ ದನಿ ಕೊಟ್ಟ ಗೌಹರ್ ಜಾನ್ ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅದೇ ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಆಕಾಶವಾಣಿ ನಡೆಸಿದರು. 1978ರಲ್ಲಿ ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಭಾವಗೀತೆ ಮನೆಮನೆಯ ಟೇಪ್ ರೆಕಾರ್ಡರಿಗೆ ಬಂತು.

ನನ್ನನ್ನು ಹೆಚ್ಚು ಹಿಡಿದದ್ದು ಒಂದು ರಸ್ತೆಯ ಸಂಗತಿ. ಬಹಳ ಕಾಲ ಕನ್ನಡ ಸಿನಿಮಾದ ಹಾಡುಗಳು ಹೆಚ್ಚಾಗಿ ಹುಟ್ಟಿದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಪಿ.ಬಿ. ಶ್ರೀನಿವಾಸ್ ಅಲ್ಲೇ ಹಾಡಿದರು, ಜಿ.ಕೆ. ವೆಂಕಟೇಶ್ ಅಲ್ಲೇ ಸಂಗೀತ ಮಾಡಿದರು, ಅವರ ಬಳಿ ಸಹಾಯಕರಾಗಿದ್ದವರು ಇಳಯರಾಜ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್, ಅನಂತ್‌ನಾಗ್ ಸೋದರರು ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು, ಆ ಓಡಾಟ ತಪ್ಪಲಿ, ನಮ್ಮ ಹಾಡು ನಮ್ಮೂರಲ್ಲೇ ಆಗಲಿ ಎಂಬ ಹಂಬಲದಿಂದ. ಅಲ್ಲಿಯವರೆಗೆ ರಸ್ತೆಯಲ್ಲಿ ಮದ್ರಾಸಿಗೆ ಹೊರಟ ಎಷ್ಟೋ ಮಂದಿ ದಾಟಿದ್ದು ನಮ್ಮ ಹೊಸೂರು, ನಮ್ಮ ಕೃಷ್ಣಗಿರಿ. ಕನ್ನಡದ ಹಾಡು ನಮ್ಮ ಮುಂದೆಯೇ ಹೋಗುತ್ತಿತ್ತು, ನಮ್ಮ ಮುಂದೆಯೇ ವಾಪಸು ಬರುತ್ತಿತ್ತು. ನಾನು ಅದೇ ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ದಿನಾ ಬಸ್ಸು ಹತ್ತುತ್ತಿದ್ದೆ. ಶಂಕರ್‌ನಾಗ್ 1990ರಲ್ಲಿ ತೀರಿಕೊಂಡಾಗ ನಾನು ಹುಟ್ಟಿರಲಿಲ್ಲ. ಆದರೆ ಅವರು ಆ ಸ್ಟುಡಿಯೋ ಕಟ್ಟದಿದ್ದರೆ ನನ್ನಂಥವಳು ಹೊಸೂರಿನಿಂದ ದಿನಾ ಹೋಗಿಬಂದು ಕೆಲಸ ಕಲಿಯುವ ಮಾತು ಇನ್ನಷ್ಟು ತಡವಾಗುತ್ತಿತ್ತು ಎಂದೇ ನಂಬಿದ್ದೇನೆ.

ಮೂರನೆಯ ವಾರ ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಧಾರಾವಾಹಿಯೊಂದರ ಡಬ್ಬಿಂಗ್. ಮಗನನ್ನು ಕಳೆದುಕೊಂಡ ತಾಯಿ ಅಳುವ ದೃಶ್ಯ, ದನಿ ಕೊಡುತ್ತಿದ್ದವರು ಹಿರಿಯ ಕಲಾವಿದೆ. ಸರ್ ಹೊರಗೆ ಫೋನಿನಲ್ಲಿದ್ದರು, ಟ್ರ್ಯಾಕ್ ಸಿದ್ಧ ಮಾಡಲು ನನಗೆ ಹೇಳಿದ್ದರು. ನಾನು ಬೇರೆ ಟ್ರ್ಯಾಕನ್ನು ಆನ್ ಮಾಡಿಟ್ಟೆ. ಆ ತಾಯಿ ಒಂದೇ ಉಸಿರಿಗೆ ಅತ್ತರು. ಗಾಜಿನ ಈಚೆ ಕೂತವರೆಲ್ಲ ಸುಮ್ಮನಾದರು. ನೋಡಿದರೆ ಪರದೆಯಲ್ಲಿ ಆ ಜಾಗದಲ್ಲಿ ಏನೂ ಬಂದಿಲ್ಲ. ಸರ್ ಒಳಗೆ ಬಂದು ಪರದೆ ನೋಡಿದರು, ನನ್ನನ್ನು ನೋಡಿದರು. ‘ನೀನೇ ಹೇಳು’ ಎಂದು ಟಾಕ್‌ಬ್ಯಾಕ್ ಗುಂಡಿ ತೋರಿಸಿದರು. ಒತ್ತಿದೆ. ‘ಅಮ್ಮಾ, ರೆಕಾರ್ಡ್ ಆಗಿಲ್ಲ. ನನ್ನ ತಪ್ಪು’ ಎಂದೆ. ಗಾಜಿನ ಆಚೆ ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ‘ಹೋಗ್ಲಿ ಬಿಡಮ್ಮ. ನೀರು ಕೊಡು, ಇನ್ನೊಂದು ಸಲ ಅಳ್ತೀನಿ’ ಎಂದರು. ಎರಡನೆಯದೂ ಚೆನ್ನಾಗಿತ್ತು, ಎಲ್ಲರೂ ಒಪ್ಪಿದರು. ಮೊದಲನೆಯದು ಹೇಗಿತ್ತು ಎಂಬುದು ನನಗೆ ಗೊತ್ತು. ಅದು ಈಗ ಎಲ್ಲೂ ಇಲ್ಲ. ಅವತ್ತಿನಿಂದ ರೆಕಾರ್ಡ್ ಒತ್ತುವ ಮೊದಲು ಕೆಂಪು ದೀಪವನ್ನು ಬೆರಳಿಟ್ಟು ತೋರಿಸಿ, ಬಾಯಿಬಿಟ್ಟು ‘ಆನ್’ ಎಂದು ಹೇಳಿಕೊಳ್ಳುತ್ತೇನೆ.

ನನ್ನ ಕನ್ನಡದ ಬಗ್ಗೆ ಅಷ್ಟರಲ್ಲೇ ಮಾತು ಬಂದಿತ್ತು. ಎಳೆದು ಮಾತಾಡುತ್ತೇನೆ, ತಮಿಳಿನ ವಾಸನೆ ಇದೆ ಎಂದು ಜೊತೆಯ ಹುಡುಗರು ಅನ್ನುತ್ತಿದ್ದರು. ಮಾತು ಕಡಿಮೆ ಮಾಡಿದ್ದೆ. ಹೀಗಿರುವಾಗ ತಮಿಳು ಚಿತ್ರವೊಂದರ ಕನ್ನಡ ಡಬ್ಬಿಂಗ್ ಬಂತು. ಹೊರಗಿನ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದು ಎಂಬ ಕಟ್ಟು ನಮ್ಮಲ್ಲಿ ದಶಕಗಳ ಕಾಲ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು, 2017ರ ಮಾರ್ಚ್‌ನಲ್ಲಿ ಅಜಿತ್ ನಟನೆಯ ತಮಿಳು ಚಿತ್ರ ‘ಸತ್ಯದೇವ್ ಐಪಿಎಸ್’ ಎಂದು ಕನ್ನಡದಲ್ಲಿ ತೆರೆಗೆ ಬಂತು. ಆ ವಾದದ ಎರಡೂ ಕಡೆಯವರನ್ನು ನಾನು ಗೌರವಿಸುತ್ತೇನೆ. ಕೆಲಸದ ಮಟ್ಟಿಗೆ ಹೇಳುವುದಾದರೆ, ಡಬ್ಬಿಂಗ್ ಎಂದರೆ ತುಟಿಯ ಲೆಕ್ಕ. ಪ, ಬ, ಮ ಬಂದಲ್ಲಿ ತುಟಿ ಕೂಡುತ್ತದೆ, ಉಳಿದೆಡೆ ಇಲ್ಲ. ಪರದೆಯ ಮೇಲಿನ ತುಟಿ ಕೂಡಿದಾಗ ನಮ್ಮ ಮಾತಿನಲ್ಲೂ ತುಟಿ ಕೂಡಿಸುವ ಅಕ್ಷರ ಇರಬೇಕು. ಇಲ್ಲದಿದ್ದರೆ ನೋಡುವವರಿಗೆ ಕಾರಣ ಗೊತ್ತಾಗದೆ ಕಿರಿಕಿರಿಯಾಗುತ್ತದೆ.

ತಮಿಳಿನಿಂದ ಕನ್ನಡಕ್ಕೆ ಬರುವಾಗ ಈ ಲೆಕ್ಕ ಮತ್ತೆ ಮತ್ತೆ ತಪ್ಪುವ ಒಂದು ಜಾಗವಿದೆ. ತಮಿಳಿನ ಪಾಲ್ ನಮ್ಮಲ್ಲಿ ಹಾಲು. ಪೋ ಎಂದರೆ ಹೋಗು. ಹಳಗನ್ನಡದಲ್ಲಿ ನಮ್ಮದೂ ಪಾಲ್, ಪೋಗು ಎಂದೇ ಇತ್ತು. ಹತ್ತನೆಯ ಶತಮಾನದ ಸುಮಾರಿನಿಂದ ಶಾಸನಗಳಲ್ಲಿ ಪಕಾರ ಹಕಾರವಾಗುವುದು ಕಾಣುತ್ತದೆ, ಮುಂದೆ ಅದೇ ರೂಢಿಯಾಯಿತು. ನಮ್ಮ ಹಳ್ಳಿಗಳಲ್ಲಿ ಆ ಹಕಾರವೂ ಬಿದ್ದುಹೋಗಿ ಆಲು, ಓಗು ಆಗಿದೆ. ಭಾಷಾಶಾಸ್ತ್ರದವರು ಪುಸ್ತಕದಲ್ಲಿ ಸಾವಿರ ವರ್ಷದ ಬದಲಾವಣೆ ಎಂದು ಓದುವುದನ್ನು ಅಂಚೆಟ್ಟಿಯಲ್ಲಿ ಒಂದು ಟೀ ಕುಡಿಯುವಷ್ಟರಲ್ಲಿ ಕೇಳಬಹುದು. ಇದರ ತಿರುಗುಮುರುಗೂ ಇದೆ: ತಮಿಳಿನವರ ‘ವಾ’ದಲ್ಲಿ ತುಟಿ ಕೂಡುವುದಿಲ್ಲ, ನಮ್ಮ ‘ಬಾ’ದಲ್ಲಿ ಕೂಡುತ್ತದೆ.

ಅವತ್ತಿನ ದೃಶ್ಯದಲ್ಲಿ ನಾಯಕಿಯ ಮುಖ ಪರದೆಯ ತುಂಬ. ಅವಳು ‘ಪೋ’ ಎನ್ನುತ್ತಾಳೆ, ಮುಖ ತಿರುಗಿಸುತ್ತಾಳೆ, ಬೆನ್ನು ಕಾಣುವಾಗ ‘ಇನಿಮೇ ವರಾದೇ’ ಎನ್ನುತ್ತಾಳೆ. ಬರೆದುಕೊಟ್ಟ ಮಾತು ‘ಹೋಗು, ಮತ್ತೆ ಬರಬೇಡ’. ಕಂಠದಾನ ಕಲಾವಿದೆ ಎಷ್ಟು ಚೆನ್ನಾಗಿ ಹೇಳಿದರೂ ಆ ಮೊದಲ ಅಕ್ಷರದಲ್ಲಿ ತುಟಿ ಕೈಕೊಡುತ್ತಿತ್ತು. ಎಂಟು ಟೇಕ್ ಆಯಿತು. ಕುರ್ಚಿಯ ತುದಿಯಿಂದ ನಾನು ಮೆಲ್ಲಗೆ ‘ಸರ್, ಮೊದ್ಲು ಹೋಗು ಅಂದ್ರೆ?’ ಎಂದೆ. ಸರ್ ತಿರುಗಿದರು. ಮಕಾರಕ್ಕೆ ತುಟಿ ಕೂಡುತ್ತದೆ, ಅದರ ಒಕಾರ ಪೋ ಎನ್ನುವಾಗಿನ ಹಾಗೇ ಬಾಯಿ ದುಂಡಗೆ ಮಾಡುತ್ತದೆ, ಉಳಿದ ಅಕ್ಷರಗಳು ಬರುವಷ್ಟರಲ್ಲಿ ಮುಖ ತಿರುಗಿರುತ್ತದೆ. ‘ಇನಿಮೇ’ಗೆ ‘ಇನ್ಮೇಲೆ’ ತಾನಾಗಿ ಕೂತುಕೊಳ್ಳುತ್ತದೆ. ‘ಮೊದ್ಲು ಹೋಗು, ಇನ್ಮೇಲೆ ಬರಬೇಡ.’ ಸಿಟ್ಟು ಬಂದ ಕನ್ನಡದ ಹೆಂಗಸು ಆಡುವ ಮಾತೇ ಅದು. ಒಂದೇ ಟೇಕಿನಲ್ಲಿ ಮುಗಿಯಿತು. ‘ಯಾವೂರಮ್ಮ ನಿಂದು?’ ಎಂದು ಸರ್ ಮತ್ತೆ ಕೇಳಿದರು. ಅಂಚೆಟ್ಟಿ ಎಂದೆ. ಆ ಚಿತ್ರ ಮುಗಿಯುವವರೆಗೆ ನನ್ನ ಕುರ್ಚಿ ಅವರ ಪಕ್ಕದಲ್ಲೇ ಇತ್ತು. ‘ನಿನ್ನ ಕಿವಿ ಎರಡೂ ಕಡೆಯದು. ಬಿಡಬೇಡ’ ಎಂದರು ಒಂದು ದಿನ, ಪರದೆಯಿಂದ ಕಣ್ಣು ತೆಗೆಯದೆ.

ಗಡಿಯ ಮಕ್ಕಳಿಗೆ ನಾನು ಹೇಳಬೇಕಾದದ್ದು ಇದನ್ನೇ. ಬೆಂಗಳೂರಿನಲ್ಲಿ ನಮ್ಮ ಕನ್ನಡ ಸರಿಯಿಲ್ಲ, ಚೆನ್ನೈಯಲ್ಲಿ ನಮ್ಮ ತಮಿಳು ಸರಿಯಿಲ್ಲ ಎಂದು ಕೇಳಿ ಕೇಳಿ ನಾವು ಕುಗ್ಗಿದ್ದೇವೆ. ಶಬ್ದದ ಕೆಲಸಕ್ಕೆ ಬೇಕಾದ ಬಂಡವಾಳ ನಮ್ಮ ಮನೆಯಲ್ಲೇ ಬಿದ್ದಿದೆ. ಅದೇ ಕೆಲಸಕ್ಕೆ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿ ಕೇರಳದ ವಿಳಕ್ಕುಪಾರ ಎಂಬ, ಕರೆಂಟೇ ಇಲ್ಲದಿದ್ದ ಹಳ್ಳಿಯಿಂದ ಬಂದವರು. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯಲ್ಲಿ, ಚೆನ್ನೈ ತರಮಣಿಯ ಸಂಸ್ಥೆಯಲ್ಲಿ ಶಬ್ದಗ್ರಹಣ ಕಲಿಸುತ್ತಾರೆ. ಹೆಸರಘಟ್ಟವಂತೂ ನಮ್ಮ ಕಡೆಯಿಂದ ದೂರವಲ್ಲ.

ಇಂಟರ್ನ್‌ಷಿಪ್ ಮುಗಿದ ಮೇಲೆ ಸರ್ ಒಂದು ಹಳೆಯ ಕೈ ರೆಕಾರ್ಡರನ್ನು ಹದಿನೈದು ದಿನದ ಮಟ್ಟಿಗೆ ಕೊಟ್ಟರು. ಅಜ್ಜಿಯ ಪದ ಹಿಡಿಯುವುದು ನನ್ನ ಆಸೆ. ಅಜ್ಜಿಗೆ ಮಾದಪ್ಪನ ಪದ ರಾತ್ರಿಯಿಡೀ ಹೇಳುವಷ್ಟು ಬರುತ್ತದೆ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಮಲೆಯ ಮಾದೇಶ್ವರ’ 1973ರಲ್ಲಿ ಅಚ್ಚಾಯಿತು. ‘ಜನುಮದ ಜೋಡಿ’ ಚಿತ್ರದಲ್ಲಿ ‘ಕೋಲುಮಂಡೆ’ ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ನದಿಯ ಆಚೆಯ ಪದಗಳಿಗೆ ಹೀಗೆ ಪುಸ್ತಕವೂ ಆಗಿದೆ, ಪ್ರಶಸ್ತಿಯೂ ಬಂದಿದೆ. ಈಚೆ ದಡದ ನಮ್ಮ ಅಜ್ಜಿ ಹೇಳುವ ರೀತಿ ಬೇರೆ, ನಡುನಡುವೆ ತಮಿಳಿನ ಮಾತೂ ಬರುತ್ತದೆ, ಅದು ನಮ್ಮ ಮನೆಯ ಗೋಡೆ ದಾಟಿಲ್ಲ.

ಫ್ಯಾನ್ ಆರಿಸಿ, ಫ್ರಿಜ್ಜಿನ ಪ್ಲಗ್ ತೆಗೆದು, ಅಜ್ಜಿಯನ್ನು ಚಾಪೆಯ ಮೇಲೆ ಕೂರಿಸಿದೆ. ಹಾಡು ಬರಲಿಲ್ಲ. ಎರಡು ಸಾಲಿಗೆ ಮರೆತಳು, ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ‘ಕಲ್ಲಿಲ್ದೆ ಎಂಗೆ ಯೋಳನೆ?’ ಎಂದಳು. ಹಿಂದಿನ ಕೋಣೆಯಲ್ಲಿ ಮೂಲೆ ಸೇರಿದ್ದ ರಾಗಿಕಲ್ಲಿನ ಮುಂದೆ ಕೂರಿಸಿ ಒಂದು ಹಿಡಿ ರಾಗಿ ಹಾಕಿದೆ. ಗೂಟ ಹಿಡಿದು ಎರಡು ಸುತ್ತು ತಿರುಗಿಸಿದ್ದಷ್ಟೆ, ಪದ ಬಂತು. ಕಲ್ಲಿನ ಸುತ್ತಿಗೂ ಸಾಲಿನ ಉದ್ದಕ್ಕೂ ಒಂದೇ ಲೆಕ್ಕ. ಕಲ್ಲು ಭಾರವಾದಲ್ಲಿ ದನಿ ಎಳೆಯುತ್ತದೆ, ರಾಗಿ ಹಾಕಲು ಕೈ ತೆಗೆದಲ್ಲಿ ಉಸಿರು. ಸ್ಟುಡಿಯೋದ ಪಾಠದಂತೆ ಕಲ್ಲಿನ ಗುಡುಗನ್ನು ಫಿಲ್ಟರ್ ಹಾಕಿ ಕತ್ತರಿಸಬೇಕು. ನಾನು ಗುಂಡಿ ಮುಟ್ಟಲಿಲ್ಲ. ರೆಕಾರ್ಡರನ್ನು ಅಜ್ಜಿಯ ಬಾಯಿಯ ಕಡೆಗೆ ಸ್ವಲ್ಪ ಸರಿಸಿದೆ, ಕಲ್ಲು ಕಲ್ಲಾಗಿಯೇ ಬಂತು. ಕೊನೆಗೆ ‘ಅಜ್ಜಿ, ಒಂದು ನಿಮಿಷ ಸುಮ್ನಿರು’ ಎಂದೆ. ಇಬ್ಬರೂ ಸುಮ್ಮನೆ ಕೂತೆವು. ದೂರದಲ್ಲಿ ಕೋಳಿ, ಹೆಂಚಿನ ಮೇಲೆ ಏನೋ ಸರಿದ ಸದ್ದು, ಅಜ್ಜಿಯ ಬಳೆ. ಆ ಒಂದು ನಿಮಿಷವೂ ನನ್ನ ಹತ್ತಿರ ಇದೆ. 41 ನಿಮಿಷದ ಪದ, ಒಂದು ನಿಮಿಷದ ಮನೆ.

ಈ ಲೇಖನ ಓದುತ್ತಿರುವವರ ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ನನ್ನದೊಂದು ಬೇಡಿಕೆ. ಒಳ್ಳೆಯ ಮೈಕ್ ಬೇಕೆಂದು ಕಾಯಬೇಡಿ, ಕೈಯಲ್ಲಿರುವ ಫೋನ್ ಸಾಕು. ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ನಿಲ್ಲಿಸಿ. ಮಡಿಸಿದ ಕಂಬಳಿಯ ಮೇಲೆ, ಬಾಯಿಂದ ಒಂದು ಮೊಳ ದೂರದಲ್ಲಿ ಇಡಿ. ಮೊದಲು ಅವರ ಹೆಸರು, ಊರು, ತಾರೀಖು ನಿಮ್ಮ ಬಾಯಿಂದ ಹೇಳಿ. ಅವರ ಮಾತನ್ನು ತಿದ್ದಬೇಡಿ; ಆಲು ಅಂದರೆ ಆಲು. ಕೈಗೆ ಕಲ್ಲೋ ಮೊರವೋ ಒನಕೆಯೋ ಬೇಕೆಂದರೆ ಕೊಡಿ. ಕೊನೆಗೆ ಒಂದು ನಿಮಿಷ ಸುಮ್ಮನಿದ್ದು ಮನೆಯ ಸದ್ದನ್ನೂ ತೆಗೆದುಕೊಳ್ಳಿ. ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲಿ, ಇನ್ನೊಂದನ್ನು ಬೇರೆ ಊರಿನ ನೆಂಟರ ಹತ್ತಿರ ಇಡಿ. ಒತ್ತುವ ಮೊದಲು ಕೆಂಪು ದೀಪ ನೋಡಿಕೊಳ್ಳಿ. ಇವತ್ತೇ ಶುರುಮಾಡಿದರೆ ಸಂಜೆಯೊಳಗೆ ಒಂದು ಪದವಾದರೂ ಆಗುತ್ತದೆ.